ಆರಂಭಶೂರತ್ವ ಸಾಲದು: ಹಿತಮಿತ ಆಹಾರ ಮತ್ತು ನಿತ್ಯ ವ್ಯಾಯಾಮ

(ಬೆಂಗಳೂರಿನ ಕುಕ್ ಟೌನ್‌ನಲ್ಲಿ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪಾಠ)



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಅರಿಯದವರು ನಿಮ್ಮಲ್ಲಿ ಯಾರೂ ಇರಲಾರರು. ಸೊಪ್ಪು ತರಕಾರಿ ಒಳ್ಳೆಯದು, ಕರಿದ ತಿಂಡಿ ಮಿತವಾಗಿರಬೇಕು, ದೇಹಕ್ಕೆ ಶ್ರಮವಿರಬೇಕು ಎಂಬುದೂ ನಿಮಗೆ ತಿಳಿದ ವಿಷಯವೇ. ಆದರೆ ಯುಗಾದಿಯಂದು ಕೈಗೊಂಡ ಸಂಕಲ್ಪ ರಾಮನವಮಿಯವರೆಗೂ ಉಳಿಯದೆ ಹೋಗುವುದೇಕೆ? ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಇಂದು ನಾವು ವಿಚಾರ ಮಾಡಬೇಕಾದುದು ಇದನ್ನೇ.

ನಾವು ಸೇರಿರುವ ಕುಕ್ ಟೌನ್ ಬೆಂಗಳೂರು ದಂಡು ಪ್ರದೇಶದ ಹಳೆಯ ಬಡಾವಣೆಗಳಲ್ಲೊಂದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಎರಗಿತು. ಇಕ್ಕಟ್ಟಾದ ಕೇರಿಗಳಲ್ಲಿ ರೋಗ ಬೇರೂರುವುದೆಂದು ಮನಗಂಡ ಅಂದಿನ ಆಡಳಿತ, ಗಾಳಿ ಬೆಳಕು ಧಾರಾಳವಾಗಿರುವ ಹೊಸ ಬಡಾವಣೆಗಳನ್ನು ಕಟ್ಟಿಸಿತು. ನೆರೆಯ ಫ್ರೇಜರ್ ಟೌನ್ ಹುಟ್ಟಿದ್ದು ಹೀಗೆಯೇ. ಇಂದು ಪ್ಲೇಗಿನ ಭಯವಿಲ್ಲ. ಆದರೂ ಇಲ್ಲಿನ ಉದ್ಯಾನಗಳಲ್ಲಿ ಬೆಳಗಾಗುತ್ತಲೇ ಜನರು ಬಿರುಸಾಗಿ ನಡೆಯುವುದನ್ನು ಕಾಣಬಹುದು. ಅವರ ದುಡಿಮೆಯೆಲ್ಲ ಕುರ್ಚಿಯ ಮೇಲೆ. ಮಧುಮೇಹ, ರಕ್ತದೊತ್ತಡಗಳು ಬಾರದಿರಲೆಂದು ಅವರು ಸಮಯವನ್ನು ಮೀಸಲಿಟ್ಟು ನಡೆಯುತ್ತಾರೆ.

"ಇವು ಪಟ್ಟಣದವರ ಕಾಯಿಲೆಗಳು, ನಮಗೇಕೆ?" ಎಂದು ನೀವು ಕೇಳಬಹುದು. ನಿಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಿ. ಒನಕೆ, ಬೀಸುಕಲ್ಲುಗಳು ಮೂಲೆ ಸೇರಿವೆ. ಬಾವಿಯ ನೀರು ಸೇದುವ ಕೆಲಸವನ್ನು ಪಂಪು ಮಾಡುತ್ತದೆ, ಉಳುವ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ಹೊಲಕ್ಕೆ ಹೋಗಲೂ ಮೋಟಾರ್ ಸೈಕಲ್ ಬಂದಿದೆ. ಈ ಅನುಕೂಲಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಶ್ರಮ ಕಡಿಮೆಯಾದರೂ ತಟ್ಟೆಯ ಅನ್ನ ಕಡಿಮೆಯಾಗಿಲ್ಲ. ಅದರೊಡನೆ ಬೇಕರಿ ತಿನಿಸು, ಸಕ್ಕರೆಯ ಪಾನೀಯಗಳೂ ಸೇರಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಗೆ ತೂಕ ಹೆಚ್ಚು. ನೂರರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಒಂದೇ ಮನೆಯಲ್ಲಿ ಗಂಡನಿಗೆ ಬೊಜ್ಜು, ಹೆಂಡತಿಗೆ ರಕ್ತಹೀನತೆ ಇರುವುದನ್ನು ವೈದ್ಯರಾದ ನಾವು ದಿನವೂ ಕಾಣುತ್ತೇವೆ.

ಇದಕ್ಕೆ ಬೇಕಾದ ಔಷಧದಲ್ಲಿ ಹೆಚ್ಚಿನ ಪಾಲು ನಿಮ್ಮ ಹೊಲದಲ್ಲೇ ಬೆಳೆಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಇದ್ದರೆ ಹೆಚ್ಚು. ಹುರುಳಿ, ಅವರೆ, ಅಲಸಂದೆಗಳಲ್ಲಿ ಸಸಾರಜನಕವಿದೆ. ನುಗ್ಗೆ, ದಂಟಿನ ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಆದರೆ ನಡೆಯುವುದೇನು? ಹಾಲನ್ನೆಲ್ಲ ಡೈರಿಗೆ ಹಾಕಿ, ಮೊಟ್ಟೆ, ಸೊಪ್ಪುಗಳನ್ನು ಸಂತೆಗೆ ಕಳುಹಿಸಿ, ಬಂದ ಹಣದಲ್ಲಿ ಬಿಸ್ಕತ್ತು ತರುತ್ತೇವೆ. ಮಾರುವುದು ತಪ್ಪಲ್ಲ, ಮೊದಲು ಮನೆಯವರ ಪಾಲನ್ನು ತೆಗೆದಿಟ್ಟು, ಉಳಿದದ್ದನ್ನು ಮಾರಿರಿ.

ಇನ್ನು ಸಂಕಲ್ಪವನ್ನು ಉಳಿಸಿಕೊಳ್ಳುವ ಬಗೆ.

ಮೊದಲನೆಯದಾಗಿ, ಚಿಕ್ಕದನ್ನು ಆರಿಸಿಕೊಳ್ಳಿ. ನಾಳೆಯಿಂದ ಎಲ್ಲವನ್ನೂ ಬಿಡುತ್ತೇನೆ ಎನ್ನುವವರು ಎಂಟು ದಿನಗಳಲ್ಲಿ ಎಲ್ಲಕ್ಕೂ ಮರಳುತ್ತಾರೆ. ಈ ತಿಂಗಳು ಟೀ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಅದು ರೂಢಿಯಾದ ಮೇಲೆ ರಾತ್ರಿಯ ಊಟದಲ್ಲಿ ಅನ್ನ ಒಂದು ಪಾಲು ಕಡಿಮೆ, ಪಲ್ಯ ಒಂದು ಪಾಲು ಹೆಚ್ಚು ಮಾಡಿ.

ಎರಡನೆಯದಾಗಿ, ಹೊಸ ಅಭ್ಯಾಸವನ್ನು ಹಳೆಯ ಕೆಲಸಕ್ಕೆ ಗಂಟುಹಾಕಿ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ಬಿರುಸಾದ ನಡಿಗೆ ಸಾಕು. ಡೈರಿಗೆ ಹಾಲು ಹಾಕಲು ಹೇಗೂ ಹೋಗಬೇಕು. ಗಾಡಿಯನ್ನು ಮನೆಯಲ್ಲಿ ಬಿಟ್ಟು ನಡೆದು ಹೋಗಿ. ಪ್ರತಿದಿನವೂ ಮನಸ್ಸಿನ ಅಪ್ಪಣೆಗಾಗಿ ಕಾಯುವವನು ಮಳೆ, ಚಳಿ, ಆಲಸ್ಯಗಳಲ್ಲಿ ಒಂದನ್ನು ನೆಪವಾಗಿಸಿಕೊಳ್ಳುತ್ತಾನೆ. ಕೆಲಸದೊಡನೆ ಬೆಸೆದ ಅಭ್ಯಾಸಕ್ಕೆ ಅಪ್ಪಣೆ ಬೇಕಿಲ್ಲ.

ಮೂರನೆಯದಾಗಿ, ದಂಪತಿಗಳಿಬ್ಬರೂ ಜೊತೆಯಾಗಿ ಮಾಡಿ. ಗಂಡನಿಗೊಂದು ಪಥ್ಯದ ಅಡಿಗೆ, ಮಕ್ಕಳಿಗೊಂದು ಬಗೆಯ ಅಡಿಗೆ ಎಂದರೆ ಗೃಹಿಣಿಗೆ ಅದು ಹೊರೆ. ಹೊರೆಯಾದುದು ಬಹುದಿನ ನಡೆಯದು. ಎಲ್ಲರಿಗೂ ಒಂದೇ ಹಿತವಾದ ಅಡಿಗೆ ಇರಲಿ. ಸೋದರರೇ, ನಿಮ್ಮಲ್ಲಿ ವಿಶೇಷವಾಗಿ ಒಂದು ಮಾತು. ಮನೆಯೊಡತಿ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರನ್ನು ಉಣ್ಣುವ ಪದ್ಧತಿ ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ಜೊತೆಗೆ ಕೂರಿಸಿಕೊಂಡು ಉಣ್ಣಿ; ಆಗ ಪಲ್ಯದಲ್ಲಿ, ಮೊಟ್ಟೆಯಲ್ಲಿ ಅವಳ ಪಾಲೆಷ್ಟೆಂಬುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಗರ್ಭಿಣಿಯಾದಾಗ 180 ದಿನ, ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಆಕೆ ತಪ್ಪದೆ ನುಂಗುವಂತೆ ನೀವೇ ನೆನಪಿಸಿ. ಒಂದು ಹೆರಿಗೆಗೂ ಮತ್ತೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ಕಳೆದುಕೊಂಡ ರಕ್ತವನ್ನು ಮೈ ಮರಳಿ ತುಂಬಿಕೊಳ್ಳುತ್ತದೆ.

ನಾಲ್ಕನೆಯದಾಗಿ, ಫಲವನ್ನು ಅಳೆದು ನೋಡಿ. ಉಡಿದಾರ ಬಿಗಿಯಾಗುತ್ತ ಬಂದರೆ ಅದೇ ಎಚ್ಚರಿಕೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದು. 30 ವರ್ಷ ದಾಟಿದವರು ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಿ. ಹೆಂಗಸರು ರಕ್ತದ ಪ್ರಮಾಣವನ್ನೂ ನೋಡಿಸಿಕೊಳ್ಳಿ. ಅಂಕಿ ಒಳ್ಳೆಯದಾಗುವುದನ್ನು ಕಂಡರೆ ಉತ್ಸಾಹ ತಾನಾಗಿಯೇ ಬರುತ್ತದೆ. ಈಗಾಗಲೇ ಔಷಧ ಸೇವಿಸುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ಕೊನೆಯದಾಗಿ, ತಪ್ಪಿದ ದಿನಕ್ಕಾಗಿ ಎದೆಗುಂದಬೇಡಿ. ಮದುವೆ, ಜಾತ್ರೆ, ಸುಗ್ಗಿಗಳು ಬರುತ್ತವೆ, ಹೋಳಿಗೆಯನ್ನೂ ಉಣ್ಣುತ್ತೇವೆ. ಒಂದು ಸಾಲು ಸೊಟ್ಟಗಾಯಿತೆಂದು ರೈತನು ಹೊಲವನ್ನೇ ಬೀಳುಬಿಡುವುದಿಲ್ಲ. ಮುಂದಿನ ಸಾಲನ್ನು ನೇರವಾಗಿ ಎಳೆಯುತ್ತಾನೆ. ಎರಡು ದಿನ ನಡಿಗೆ ತಪ್ಪಿದರೆ ಮೂರನೆಯ ದಿನ ಎಂದಿನಂತೆ ಹೊರಡಿ.

ನಿಮ್ಮ ಮಕ್ಕಳು ನಿಮ್ಮ ಮಾತಿಗಿಂತ ನಿಮ್ಮ ತಟ್ಟೆಯನ್ನು ನೋಡಿ ಕಲಿಯುತ್ತಾರೆ. ಅವರು ಬೆಳೆದು ನಿಲ್ಲುವವರೆಗೆ ತಂದೆತಾಯಿಗಳಿಬ್ಬರೂ ಗಟ್ಟಿಮುಟ್ಟಾಗಿರುವುದು ಅವರ ದೊಡ್ಡ ಭಾಗ್ಯ. ಇಂದು ಮನೆಗೆ ಹೋದೊಡನೆ ಇಬ್ಬರೂ ಕುಳಿತು, ಈ ತಿಂಗಳಿಗೆ ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿರೆಂದು ಕೋರುತ್ತೇನೆ.