ಇಂಗ್ಲಿಷ್ ಪದಗಳ ಕಲಿಕೆ: ಅರ್ಥವೂ ಪ್ರಯೋಗವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ಇಂಗ್ಲಿಷಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ತೋರಬಹುದು. ಕಾರಣವಿಷ್ಟೆ. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಸೀಮೆಯ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳುವುದು ನಮ್ಮ ದೊಡ್ಡ ಚಿಂತೆಯಾಗಿದೆ. ಇಂದು ಆ ಶಾಲೆಗಳ ಬಾಗಿಲಲ್ಲಿ ನಿಂತು ಹೆತ್ತವರು ಕೇಳುವ ಪ್ರಶ್ನೆ ಒಂದೇ: “ಇಲ್ಲಿ ಓದಿದರೆ ನಮ್ಮ ಮಗುವಿಗೆ ಇಂಗ್ಲಿಷ್ ಬಂದೀತೆ?” ಈ ಪ್ರಶ್ನೆಗೆ ಅಭಿಮಾನದ ಮಾತಿನಿಂದ ಉತ್ತರ ಕೊಟ್ಟರೆ ಸಾಲದು, ಪಾಠದಿಂದಲೇ ಉತ್ತರ ಕೊಡಬೇಕು.

ನಾವು ಕಂಡಂತೆ ಮಕ್ಕಳು ಎಡವುವುದು ಮೊದಲ ಮೆಟ್ಟಿಲಿನಲ್ಲಿ ಅಲ್ಲ. ಮರ, ಹಸು, ಮನೆ ಮುಂತಾದ ಪದಗಳನ್ನು ಬೆರಳಿನಿಂದ ತೋರಿಸಿಯೇ ಕಲಿಸಬಹುದು. ಕಷ್ಟ ಬರುವುದು ನಡುವಣ ಹಂತದಲ್ಲಿ. ‘ರಿಲಕ್ಟಂಟ್’, ‘ಅಫರ್ಡ್’, ‘ಸಜೆಸ್ಟ್’, ‘ಅವಾಯ್ಡ್’ ಎಂಬ ಪದಗಳನ್ನು ಯಾವ ಬೆರಳೂ ತೋರಿಸಲಾರದು. ಆಗ ವಿದ್ಯಾರ್ಥಿಯು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದು ಬಾಯಿಪಾಠ ಮಾಡುತ್ತಾನೆ. ಇಂದಿನ ಮೊಬೈಲ್ ಫೋನಿನಲ್ಲಿ ಪದಕ್ಕೆ ಪದ ಹುಡುಕುವವನೂ ಮಾಡುವುದು ಇದನ್ನೇ.

ಇದರಿಂದಾಗುವ ತೊಂದರೆಗೆ ಒಂದು ನಿದರ್ಶನ. ‘ಲೆಂಡ್’ ಎಂದರೆ ಸಾಲ, ‘ಬಾರೋ’ ಎಂದರೂ ಸಾಲ ಎಂದು ಕಲಿತ ಹುಡುಗನು, ಪುಸ್ತಕ ಕೇಳುವಾಗ ಒಂದರ ಬದಲು ಇನ್ನೊಂದನ್ನು ಬಳಸುತ್ತಾನೆ. ಕನ್ನಡದಲ್ಲಿ ಸಾಲವೆಂಬ ಪದ ಒಂದೇ. ಕೊಡುವುದು, ತೆಗೆದುಕೊಳ್ಳುವುದು ಎಂಬ ಕ್ರಿಯಾಪದಗಳು ದಿಕ್ಕನ್ನು ಹೇಳುತ್ತವೆ. ಇಂಗ್ಲಿಷಿನಲ್ಲಿ ದಿಕ್ಕು ಪದದೊಳಗೇ ಅಡಗಿದೆ. ‘ಹಿಂದಿರುಗಿಸುವ ಮಾತಿನ ಮೇಲೆ ಇನ್ನೊಬ್ಬರಿಂದ ಪಡೆಯುವುದು’, ‘ಹಿಂದಕ್ಕೆ ಬರುವ ನಂಬಿಕೆಯಿಂದ ಇನ್ನೊಬ್ಬರಿಗೆ ಕೊಡುವುದು’ ಎಂದು ಅರ್ಥವನ್ನು ಬಿಡಿಸಿ ಹೇಳಿದೊಡನೆ ಗೊಂದಲ ತೀರುತ್ತದೆ. ಅರ್ಥವಿವರಣೆಯ ಉಪಕಾರ ಇದು.

ಆದರೆ ಅರ್ಥ ತಿಳಿದ ಮಾತ್ರಕ್ಕೆ ಪದವು ನಾಲಗೆಗೆ ಒಗ್ಗದು. ‘ಅವಾಯ್ಡ್’ ಎಂದರೆ ತಪ್ಪಿಸಿಕೊಳ್ಳುವುದು ಎಂದು ಬಲ್ಲವನೂ ‘ಅವಾಯ್ಡ್ ಟು ಗೋ’ ಎಂದು ಬರೆದುಬಿಡುತ್ತಾನೆ. ‘ಹಿ ಅವಾಯ್ಡ್ಸ್ ಗೋಯಿಂಗ್ ದೇರ್’ ಎಂಬ ಒಂದು ವಾಕ್ಯವನ್ನು ಓದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅರ್ಥವಿವರಣೆ ತೋಟದ ಬೇಲಿ. ಒಳಗಣ ಬೆಳೆಯನ್ನು ಕಾಣಿಸುವುದು ಉದಾಹರಣೆಯ ವಾಕ್ಯ.

ಈ ತಿಳಿವು ನಮ್ಮ ದೇಶದ ಪಾಠಶಾಲೆಗಳಿಗೆ ಹೊರತಾದುದಲ್ಲ. ಢಾಕಾದ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಅವರು ಎಂಡಿಕಾಟರೊಡನೆ 1935ರಲ್ಲಿ ಹೊರತಂದ ನಿಘಂಟಿನಲ್ಲಿ, ಸುಮಾರು 24,000 ಪದ ಮತ್ತು ನುಡಿಗಟ್ಟುಗಳಿಗೆ 1,490 ಸರಳ ಪದಗಳಿಂದಲೇ ಅರ್ಥ ಹೇಳಿದರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಯಾವ ಕ್ರಿಯಾಪದದ ಹಿಂದೆ ಯಾವ ರಚನೆ ಬರಬೇಕೆಂಬುದನ್ನು ಅದು ವಾಕ್ಯಗಳಿಂದ ತೋರಿಸಿತು. 1987ರ ಕೋಬಿಲ್ಡ್ ನಿಘಂಟಿನಲ್ಲಿ ಅರ್ಥವಿವರಣೆಯೇ ಪೂರ್ಣ ವಾಕ್ಯವಾಯಿತು. ಅಷ್ಟು ದೂರ ಏಕೆ? 1894ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿದರೆ, ಕನ್ನಡ ಪದದ ಅರ್ಥದೊಡನೆ ಕಾವ್ಯಗಳ ಪ್ರಯೋಗಗಳೂ ಗಾದೆಗಳೂ ಕಾಣುತ್ತವೆ.

ಆದುದರಿಂದ ನಮ್ಮ ಸಲಹೆ ಹೀಗಿದೆ. ದಿನಕ್ಕೆ ಐದೇ ಪದಗಳನ್ನು ಆರಿಸಿಕೊಳ್ಳಿರಿ. ಮೊದಲು ವಿದ್ಯಾರ್ಥಿಗಳ ನಿಘಂಟಿನಲ್ಲಿ ಸರಳ ಇಂಗ್ಲಿಷಿನ ಅರ್ಥವನ್ನು ಓದಿರಿ. ಬಳಿಕ ಅದನ್ನು ನಿಮ್ಮ ಮಾತಿನಲ್ಲಿ ಬಿಡಿಸಿ ಹೇಳಿರಿ. ಉದಾಹರಣೆಯ ವಾಕ್ಯವನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳಿರಿ. ಕೊನೆಗೆ ನಿಮ್ಮ ಮನೆಯ ಸಂಗತಿಯಿಂದಲೇ ಒಂದು ಸ್ವಂತ ವಾಕ್ಯವನ್ನು ಕಟ್ಟಿರಿ. ವಾರದ ಕೊನೆಯಲ್ಲಿ ಅರ್ಥಗಳನ್ನು ಮುಚ್ಚಿಟ್ಟು, ವಾಕ್ಯಗಳನ್ನು ಮಾತ್ರ ಓದಿ, ಪದಗಳ ಅರ್ಥವನ್ನು ನೆನಪಿಗೆ ತಂದುಕೊಳ್ಳಿರಿ.

ಕೊನೆಯ ಮೆಟ್ಟಿಲೇ ಮುಖ್ಯವಾದುದು. ‘ಅಫರ್ಡ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗದೆ ನಾವು ತಡವರಿಸುತ್ತಿದ್ದಾಗ, ಒಬ್ಬ ಹುಡುಗಿ “ಅಷ್ಟು ಖರ್ಚು ನಮ್ಮಿಂದಾಗದು ಎನ್ನುತ್ತಾರಲ್ಲ, ಅದೇ ತಾನೆ?” ಎಂದಳು. ಆ ವರ್ಷ ಅವರ ತೋಟದ ಅಡಕೆ ಕೊಳೆರೋಗಕ್ಕೆ ಉದುರಿತ್ತು. ಅವಳು ಬರೆದ ವಾಕ್ಯ: ‘ವಿ ಕೆನಾಟ್ ಅಫರ್ಡ್ ಎ ನ್ಯೂ ರೂಫ್ ದಿಸ್ ಇಯರ್.’ ಈ ವರ್ಷ ಹೊಸ ಮಾಡು ಹೊದಿಸುವುದು ನಮ್ಮಿಂದಾಗದು. ತರಗತಿ ಒಂದು ಗಳಿಗೆ ಮೌನವಾಯಿತು. ಆ ಪದವನ್ನು ಅನಂತರ ಯಾರೂ ಮರೆಯಲಿಲ್ಲ. ಆಕೆಗೆ ಆ ಅರ್ಥ ಹೊಳೆದುದು ಕನ್ನಡದಿಂದ ಎಂಬುದನ್ನು ತಾವು ಗಮನಿಸಬೇಕು.

ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳು ಒಂದು ಮಾತನ್ನು ಇನ್ನೊಂದರೊಡನೆ ತೂಗಿ ನೋಡುವುದನ್ನು ಎಳವೆಯಿಂದಲೇ ಬಲ್ಲರು. ಇದು ಅವರ ಕೊರತೆಯಲ್ಲ, ಬಂಡವಾಳ. ತಾಯ್ನುಡಿಯನ್ನು ಬಿಟ್ಟುಕೊಟ್ಟರೇ ಇಂಗ್ಲಿಷ್ ಬರುವುದೆಂಬ ಭ್ರಮೆಗೆ ಹೆತ್ತವರು ಒಳಗಾಗದಿರಲಿ.

ಪ್ರತಿಯೊಂದು ಕನ್ನಡ ಶಾಲೆಗೂ ಇಂತಹ ನಿಘಂಟಿನ ಕೆಲವು ಪ್ರತಿಗಳನ್ನು ಒದಗಿಸುವ ಕಾರ್ಯವನ್ನು ಸಂಘವು ಈ ವರ್ಷವೇ ಕೈಗೊಳ್ಳಲಿ, ಅದಕ್ಕೆ ತಾವೆಲ್ಲರೂ ನೆರವಾಗಿರಿ ಎಂದು ಅರಿಕೆ ಮಾಡಿಕೊಂಡು ವಿರಮಿಸುತ್ತೇವೆ.