ದಯೆ ಬೇರೆ, ಹಕ್ಕು ಬೇರೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ತುರ್ತುಪರಿಸ್ಥಿತಿ ಹೇರಿ 50 ವರ್ಷ ದಾಟಿದೆ. ಆಗ ನೀವ್ಯಾರೂ ಹುಟ್ಟಿರಲಿಲ್ಲ. ಆದರೂ ನಮ್ಮ ಕೇರಿಗಳಲ್ಲಿ ಈ ಬಗ್ಗೆ ಇವತ್ತಿಗೂ ಎರಡು ಮಾತಿವೆ. 'ಆಯಮ್ಮ ಬಡವರ ತಾಯಿ' ಅನ್ನೋರು ಒಂದು ಕಡೆ, 'ಸರ್ವಾಧಿಕಾರಿ' ಅನ್ನೋರು ಇನ್ನೊಂದು ಕಡೆ. ಎರಡರಲ್ಲೂ ನಿಜ ಇದೆ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನ ಜೈಲು ಸೇರಿದರು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಬೆಂಗಳೂರಿನ ಜೈಲಿನಲ್ಲಿ ಖಾಯಿಲೆ ಬಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಕ್ರಮ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೂ ಈಗ ಇಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು ಹೇಳಿಬಿಟ್ಟರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ.

ಇದೇ ಕಾಲದಲ್ಲಿ ಇಪ್ಪತ್ತು ಅಂಶದ ಕಾರ್ಯಕ್ರಮವೂ ಬಂತು. 1975ರ ಅಕ್ಟೋಬರಿನಲ್ಲಿ ಜೀತ ರದ್ದಾಯಿತು. ಅಪ್ಪ ಜೀತಕ್ಕಿದ್ದ ಹುಡುಗ ಅದನ್ನು ಹೇಗೆ ಮರೆತಾನು? ಪೇಪರಿಗೆ ಸೆನ್ಸಾರ್ ಬಿದ್ದರೆ ಅವನಿಗೇನು? ಅವನ ಸುದ್ದಿ ಆ ಪೇಪರಿನಲ್ಲಿ ಯಾವತ್ತು ಬಂದಿತ್ತು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆದರೆ ಯೋಚನೆ ಮಾಡಿ. ಕಾನೂನು ಆದಮೇಲೂ ಗೌಡ ಜೀತಗಾರನನ್ನು ಬಿಡದಿದ್ದರೆ ಕೇಳೋರ್ಯಾರು? ಸಭೆ ಇಲ್ಲ, ಮುಷ್ಕರ ಇಲ್ಲ, ಬರೆಯೋರಿಲ್ಲ. 1976ರ ಏಪ್ರಿಲಿನಲ್ಲಿ ದೆಹಲಿಯ ತುರ್ಕ್‌ಮನ್ ಗೇಟಿನ ಬಡವರ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು, ಗೋಲಿಬಾರೂ ಆಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಎಳೆದೊಯ್ದದ್ದು ಯಾರನ್ನು? ದೊಡ್ಡವರನ್ನಲ್ಲ, ಬಡವರನ್ನು. ಕೊಟ್ಟ ಕೈಯೇ ಕಿತ್ತುಕೊಂಡಿತು. ಪ್ರಶ್ನೆ ಮಾಡಲಾಗದ ಕೈ ಕೊಟ್ಟದ್ದು ದಯೆ. ಪ್ರಶ್ನೆ ಮಾಡಿ ಪಡೆದು ಉಳಿಸಿಕೊಂಡದ್ದು ಹಕ್ಕು.

1977ರ ಮಾರ್ಚಿನಲ್ಲಿ ದೇಶವೇ ಎರಡಾಯಿತು. ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ಪ್ರಜಾಪ್ರಭುತ್ವ ಮರಳಿತು ಅಂತ ಜನತಾ ಪಕ್ಷದವರು ಸಂಭ್ರಮಿಸಿದರು. ಆದರೆ ಆ ಮೇ 27ರಂದೇ ಬಿಹಾರದ ಬೆಲ್ಚಿಯಲ್ಲಿ ಜಮೀನ್ದಾರರ ಕಡೆಯವರು 11 ಜನರನ್ನು ಕೊಂದು ಸುಟ್ಟರು. ಹೆಚ್ಚಿನವರು ದಲಿತರು. ಆಗಸ್ಟಿನಲ್ಲಿ ಇಂದಿರಾ ಆನೆ ಏರಿ ಅಲ್ಲಿಗೆ ಹೋದರು; ಮರುವರ್ಷ ಚಿಕ್ಕಮಗಳೂರಿನಲ್ಲಿ ಗೆದ್ದು ಲೋಕಸಭೆಗೆ ಬಂದರು. ಒಬ್ಬರ ಕಾಲದಲ್ಲಿ ನಮ್ಮ ಬಾಯಿಗೆ ಬೀಗ, ಇನ್ನೊಬ್ಬರ ಕಾಲದಲ್ಲಿ ನಮ್ಮ ಮೈಗೆ ಬೆಂಕಿ. ಇವರಿಬ್ಬರ ಜಗಳದಲ್ಲಿ ನಾವ್ಯಾಕೆ ಎರಡು ಪಾಲಾಗಬೇಕು?

ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರದ ದಾರಿ ಎಂದರು. ಸಮಾಜದಲ್ಲಿ ಸಮಾನತೆ ಬಾರದೆ ಬರೀ ಓಟಿನ ಪ್ರಜಾಪ್ರಭುತ್ವ ಉಳಿಯದು ಎಂದೂ ಹೇಳಿದರು. ನಾವು ಎರಡನ್ನೂ ಒಟ್ಟಿಗೇ ಹಿಡಿಯಬೇಕು. ಒಂದನ್ನು ಬಿಟ್ಟರೆ ಇನ್ನೊಂದೂ ಹೋಗುತ್ತದೆ.

ಇದು ಹಾಸ್ಟೆಲಿನಿಂದಲೇ ಶುರುವಾಗಲಿ. ನಿಮ್ಮ ತಟ್ಟೆಯ ಅನ್ನ ಯಾವ ಸಾಹೇಬರ ದಯೆಯೂ ಅಲ್ಲ. ಲೆಕ್ಕ ಕೇಳಿ. ನಾಳೆ ನಮ್ಮವನೇ ಒಬ್ಬ ನಾಯಕನಾಗಿ ಬಂದು 'ನನ್ನನ್ನು ಕೇಳಬೇಡಿ' ಅಂದರೆ ಅವನನ್ನೂ ಕೇಳಿ. ನನ್ನನ್ನೂ ಕೇಳಿ. ಈಗಲೇ ಕೇಳಿ, ಕೂತು ಮಾತಾಡೋಣ.

ಜೈ ಭೀಮ್.