ಹಳೆಯ ಕಾಗದಕ್ಕೆ ಅಂಕ ಕೊಡುವವರು

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಳೆಯ ಪುಸ್ತಕಗಳನ್ನು ಕಾಪಾಡುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಗ್ರಂಥಾಲಯ ಸಮಿತಿಯವರು ಕೇಳಿಕೊಂಡರು. ಅದಕ್ಕಾಗಿ ನಾನು ಅಮೆರಿಕದ ಕಾಮಿಕ್ಸ್ ಪುಸ್ತಕಗಳ ವಿಚಾರವನ್ನು ಆರಿಸಿಕೊಂಡಿದ್ದೇನೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ, ಇರಲಿ. ಮಕ್ಕಳ ಚಿತ್ರಕಥೆಗೂ ಈ ಸಭೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಾಗದ ಹೇಗೆ ಹಾಳಾಗುತ್ತದೆ, ಹಾಳಾದದ್ದನ್ನು ಎಷ್ಟು ಸರಿಪಡಿಸಬಹುದು, ಸರಿಪಡಿಸಿದ್ದನ್ನು ಹೇಳಬೇಕೇ ಮುಚ್ಚಿಡಬೇಕೇ ಎಂಬುದನ್ನು ಆ ವ್ಯಾಪಾರದವರಷ್ಟು ಎಳೆ ಎಳೆಯಾಗಿ ಬಿಡಿಸಿ ನೋಡಿದವರು ಕಡಿಮೆ. ಒಂದು ಸಣ್ಣ ಸುಕ್ಕಿಗೂ ಅಲ್ಲಿ ಬೆಲೆ ಕಟ್ಟಿದ್ದಾರೆ.

ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಬೆಲೆ 10 ಸೆಂಟ್. ಒಳಪುಟಗಳು ದಿನಪತ್ರಿಕೆಯ ಕಾಗದ, ಮುಖಪುಟ ಸ್ವಲ್ಪ ಹೊಳಪಿನದು, ನಡುವೆ ಎರಡು ಕಬ್ಬಿಣದ ಪಿನ್ನು. ಪತ್ರಿಕೆಯ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುತ್ತಾರೆ. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಅದರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಬೆಳಕು, ಗಾಳಿ, ಶಾಖ ತಗಲಿದಂತೆಲ್ಲ ಅದು ಹಳದಿಯಾಗುತ್ತದೆ. ಕಾಗದದೊಳಗಿನ ಆಮ್ಲ ಎಳೆಗಳನ್ನು ಕಡಿಯುತ್ತಾ ಹೋಗುತ್ತದೆ. ಕೊನೆಗೆ ಪುಟ ಹಪ್ಪಳದಂತೆ ಮುರಿಯುತ್ತದೆ. ಮಕ್ಕಳು ಆ ಪುಸ್ತಕವನ್ನು ಸುರುಳಿ ಸುತ್ತಿ ಜೇಬಿಗೆ ತುರುಕಿದರು, ಓದಿ ಬಿಸಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆ ಮನೆಯಿಂದ ರದ್ದಿ ಕಾಗದ ಸಂಗ್ರಹಿಸಿದಾಗ ರಾಶಿಗಟ್ಟಲೆ ಕಾಮಿಕ್ಸ್ ಅದರಲ್ಲಿ ಹೋಯಿತು. ಆದ್ದರಿಂದಲೇ ಉಳಿದ ಕೆಲವೇ ಪ್ರತಿಗಳಿಗೆ ಇಂದು ಅಷ್ಟು ಬೆಲೆ.

ಬೆಲೆ ಬಂದ ಮೇಲೆ ಜಗಳವೂ ಬಂತು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬುವರು ಕಾಮಿಕ್ಸ್‌ಗಳ ಬೆಲೆಪಟ್ಟಿಯ ಪುಸ್ತಕವೊಂದನ್ನು ಹೊರತಂದರು. ಪ್ರತಿಯ ಸ್ಥಿತಿಯನ್ನು 'ಗುಡ್', 'ಫೈನ್', 'ಮಿಂಟ್' ಎಂಬ ಮಾತುಗಳಲ್ಲಿ ಹೇಳುವ ರೂಢಿಯಿತ್ತು. ಆದರೆ ಮಾರುವವನ ಕಣ್ಣಿಗೆ 'ಮಿಂಟ್' ಕಂಡದ್ದು ಕೊಳ್ಳುವವನ ಕಣ್ಣಿಗೆ 'ಫೈನ್' ಆಗುತ್ತಿತ್ತು! ನಮ್ಮ ಸಂತೆಯಲ್ಲೂ ಇದು ನಡೆಯುವುದೇ. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಮಧ್ಯಸ್ಥನಾಗಿ ಬಂತು. ಅದು ಪುಸ್ತಕವನ್ನು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಶುಲ್ಕ ಪಡೆದು 0.5ರಿಂದ 10ರವರೆಗೆ ಅಂಕ ಕೊಡುತ್ತದೆ. ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನೋಡುತ್ತಾರೆ. ಪುಟಗಳನ್ನು ಎಣಿಸುತ್ತಾರೆ, ಯಾರಾದರೂ ಕೂಪನ್ ಕತ್ತರಿಸಿಕೊಂಡಿದ್ದಾರೆಯೇ ಎಂದು ನೋಡುತ್ತಾರೆ, ಬಣ್ಣ ಹಚ್ಚಿದ್ದಾರೆಯೇ, ಅಂಚು ಕತ್ತರಿಸಿದ್ದಾರೆಯೇ ಎಂದು ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಬಳಿಕ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಮೇಲೆ ಅಂಕದ ಚೀಟಿ ಇಟ್ಟು ಬೆಸೆದುಬಿಡುತ್ತಾರೆ. ಆಮೇಲೆ ಪುಸ್ತಕವನ್ನು ಓದಲು ಆಗುವುದಿಲ್ಲ ಎಂಬುದು ಬೇರೆ ಮಾತು. ಓದಲಾಗದ ಪುಸ್ತಕಕ್ಕೆ ಲಕ್ಷಾಂತರ ಡಾಲರ್ ಕೊಡುವುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

ಈ ಅಂಕದ ತೂಕ ಎಷ್ಟೆಂದು ನೋಡಿ. 2010ರ ಫೆಬ್ರವರಿಯಲ್ಲಿ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ 8.0 ಅಂಕದ ಪ್ರತಿ 10 ಲಕ್ಷ ಡಾಲರಿಗೆ ಮಾರಾಟವಾಯಿತು. ಮರುತಿಂಗಳೇ 8.5 ಅಂಕದ ಇನ್ನೊಂದು ಪ್ರತಿಗೆ 15 ಲಕ್ಷ ಡಾಲರ್ ಬಂತು. ಅರ್ಧ ಅಂಕಕ್ಕೆ ಐದು ಲಕ್ಷ ಡಾಲರ್! ಆ ಎರಡನೆಯ ಪ್ರತಿ ಬಹಳ ವರ್ಷ ಹಳೆಯ ಸಿನಿಮಾ ಪತ್ರಿಕೆಯೊಂದರ ಒಳಗೆ ಸಿಕ್ಕಿಕೊಂಡಿತ್ತಂತೆ. ಬೆಳಕು ಬೀಳಲಿಲ್ಲ, ಮಡಿಕೆ ಬೀಳಲಿಲ್ಲ, ಅಷ್ಟೇ ಅದರ ಅದೃಷ್ಟ.

ಇದಕ್ಕೆ ವಿರುದ್ಧವಾದದ್ದು 2013ರಲ್ಲಿ ನಡೆಯಿತು. ಮಿನ್ನೆಸೋಟ ರಾಜ್ಯದ ಒಂದು ಚಿಕ್ಕ ಊರಿನಲ್ಲಿ ಒಬ್ಬರು ಹಳೆಯ ಮನೆ ಕೊಂಡು ಗೋಡೆ ಒಡೆಯುತ್ತಿದ್ದಾಗ, ಚಳಿ ತಡೆಯಲು ತುಂಬಿದ್ದ ಕಾಗದಗಳ ನಡುವೆ ಇದೇ ಸಂಚಿಕೆ ಸಿಕ್ಕಿತು. ಸಂಭ್ರಮದಲ್ಲಿ ಮನೆಯವರ ನಡುವೆ ಎಳೆದಾಟವಾಗಿ ಹಿಂಬದಿಯ ರಕ್ಷಾಪುಟ ಹರಿಯಿತು. 3.0 ಸಿಗಬಹುದಾಗಿದ್ದ ಪ್ರತಿಗೆ 1.5 ಸಿಕ್ಕಿತು. ಆದರೂ ಅದು 1,75,000 ಡಾಲರಿಗೆ ಹೋಯಿತು. ಆ ಒಂದು ಹರಕಿನ ಬೆಲೆ ಸುಮಾರು 75,000 ಡಾಲರ್ ಎಂದು ತಿಳಿದವರು ಲೆಕ್ಕ ಹಾಕಿದರು.

ಒಂದು ಹರಕಿಗೆ ಇಷ್ಟು ಬೆಲೆ ಇದ್ದರೆ, ಅದನ್ನು ಮುಚ್ಚುವ ಕೈಗಳು ಹುಟ್ಟಿಕೊಳ್ಳದೆ ಇರುತ್ತವೆಯೇ? ವಿಷಯದ ಮುಖ್ಯ ಭಾಗ ಇಲ್ಲಿದೆ, ದಯವಿಟ್ಟು ಗಮನವಿಟ್ಟು ಕೇಳಿ.

ಮೊದಲನೆಯದು ಪ್ರೆಸ್ಸಿಂಗ್, ಅಂದರೆ ಒತ್ತುವುದು. ಬಟ್ಟೆಗೆ ಇಸ್ತ್ರಿ ಹಾಕಿದಂತೆಯೇ, ಆದರೆ ಬಹಳ ನಾಜೂಕು. ಪುಸ್ತಕಕ್ಕೆ ಸ್ವಲ್ಪ ತೇವ ಹಿಡಿಸಿ, ಅಂಟದ ಕಾಗದಗಳ ನಡುವೆ ಇಟ್ಟು, ಹದವಾದ ಬಿಸಿಯಲ್ಲಿ ಯಂತ್ರದಡಿ ಒತ್ತಿ, ಭಾರದಡಿಯಲ್ಲೇ ಆರಲು ಬಿಡುತ್ತಾರೆ. ಬಾಗಿದ ಮೂಲೆ, ಬೆರಳೊತ್ತಿದ ಗುಳಿ, ಓದಿ ಓದಿ ಒಂದು ಕಡೆಗೆ ತಿರುಚಿಕೊಂಡ ಬೆನ್ನು, ಇವೆಲ್ಲ ಸರಿಹೋಗುತ್ತವೆ. ಆದರೆ ಮಡಿಕೆಯಲ್ಲಿ ಶಾಯಿ ಒಡೆದು ಬಿಳಿ ಗೆರೆ ಕಂಡಿದ್ದರೆ ಯಾವ ಯಂತ್ರವೂ ಅದನ್ನು ಅಳಿಸಲಾರದು. ಎಳೆಯೇ ಮುರಿದ ಮೇಲೆ ಇಸ್ತ್ರಿ ಏನು ಮಾಡೀತು? ಬಿಸಿ, ತೇವ ಹದ ತಪ್ಪಿದರೆ ಮುಖಪುಟ ಕುಗ್ಗಿ ಒಳಪುಟಗಳು ಬಲಗಡೆಯಿಂದ ಇಣುಕುತ್ತವೆ, ಪಿನ್ನಿನ ಅಚ್ಚು ಕಾಗದದ ಮೇಲೆ ಮೂಡುತ್ತದೆ.

ಒತ್ತಿದ್ದನ್ನು ಹೇಳಬೇಕೇ ಎಂಬ ವಾದ 2000ದ ದಶಕದುದ್ದಕ್ಕೂ ಸಂಗ್ರಾಹಕರ ನಡುವೆ ಬಿಸಿಬಿಸಿಯಾಗಿ ನಡೆಯಿತು. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ, ಹೇಳುವುದೇನಿದೆ ಎಂದು ಒಂದು ಪಕ್ಷ. ಕೊಳ್ಳುವವನಿಗೆ ತಿಳಿಯುವ ಹಕ್ಕಿದೆ ಎಂದು ಇನ್ನೊಂದು ಪಕ್ಷ. ಸಿಜಿಸಿ ಇದನ್ನು ದುರಸ್ತಿ ಎಂದು ಎಣಿಸುವುದಿಲ್ಲ, ಚೀಟಿಯಲ್ಲಿ ಬರೆಯುವುದೂ ಇಲ್ಲ. ಒಳ್ಳೆಯ ಕೈಯಿಂದ ಒತ್ತಿದ್ದನ್ನು ಖಚಿತವಾಗಿ ಕಂಡುಹಿಡಿಯುವುದು ಕಷ್ಟ ಎಂಬುದೂ ಅದಕ್ಕೆ ಒಂದು ಕಾರಣ. ಮುಂದೆ 2012ರಲ್ಲಿ ಅದರ ಮಾತೃಸಂಸ್ಥೆ, ಪುಸ್ತಕ ಒತ್ತುವ ಹಾಗೂ ದುರಸ್ತಿ ಮಾಡುವ ಒಂದು ಸಂಸ್ಥೆಯನ್ನೇ ಕೊಂಡುಕೊಂಡಿತು. ಒಂದೇ ಮನೆಯವರು ಒಂದು ಕೋಣೆಯಲ್ಲಿ ಇಸ್ತ್ರಿ ಹಾಕಿ, ಪಕ್ಕದ ಕೋಣೆಯಲ್ಲಿ ಅಂಕ ಕೊಟ್ಟಂತಾಯಿತು. ಪರೀಕ್ಷಕರು ಪ್ರಾಮಾಣಿಕರೇ ಇರಬಹುದು. ಆದರೆ ಟ್ಯೂಷನ್ ಕೊಟ್ಟವರೇ ಉತ್ತರಪತ್ರಿಕೆ ತಿದ್ದಿದರೆ ನೀವು ಒಪ್ಪುತ್ತೀರಾ? ಒತ್ತುವುದರಲ್ಲಿ ತಪ್ಪಿಲ್ಲ, ಹೇಳದೆ ಮಾರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ನಿಜವಾದ ದುರಸ್ತಿ. ಬಿಳಿ ಗೆರೆಯ ಮೇಲೆ ಬಣ್ಣ ಹಚ್ಚುವುದು, ಹೋದ ಮೂಲೆಗೆ ಬೇರೆ ಕಾಗದದ ತುಂಡು ಕೂಡಿಸುವುದು, ಹರಕು ಅಂಟಿಸುವುದು, ಪಿನ್ನು ಬದಲಿಸುವುದು. ಹಿಂದೆ ಕೆಲವರು ಕಪ್ಪು ಸ್ಕೆಚ್ ಪೆನ್ನಿನಿಂದಲೇ ಬೆನ್ನಿಗೆ ಬಣ್ಣ ತುಂಬಿದರು. ಶಾಯಿ ಒಳಬದಿಗೆ ಇಳಿದು ಕಳ್ಳತನ ಹೊರಬಿತ್ತು. ಇಂಥ ಪ್ರತಿಗಳಿಗೆ ಸಿಜಿಸಿ ನೀಲಿ ಚೀಟಿಯ ಬದಲು ನೇರಳೆ ಚೀಟಿ ಕೊಡುತ್ತದೆ. ನೇರಳೆ ಬಣ್ಣ ಕಂಡೊಡನೆ ಬೆಲೆ ಇಳಿಯುತ್ತದೆ. ಅಂಕ ಎಷ್ಟೇ ಇದ್ದರೂ ಕೊಳ್ಳುವವರು ಹಿಂಜರಿಯುತ್ತಾರೆ.

ಇವುಗಳಲ್ಲೆಲ್ಲ ಕೆಟ್ಟದ್ದು ಅಂಚು ಕತ್ತರಿಸುವುದು. ನಲುಗಿದ ಅಂಚನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಕತ್ತರಿಸಿದರೆ ಪುಸ್ತಕ ಹೊಸದರಂತೆ ಕಾಣುತ್ತದೆ. ಹಚ್ಚಿದ ಬಣ್ಣವನ್ನು ಕೆಲವೊಮ್ಮೆ ತೆಗೆಯಬಹುದು, ಅಂಟನ್ನು ಬಿಡಿಸಬಹುದು. ಕತ್ತರಿಸಿದ ಅಂಚನ್ನು ಯಾರು ತಂದುಕೊಟ್ಟಾರು? ಕಾಗದ ಸಂರಕ್ಷಣೆ ಕಲಿತವರು ಹರಕಿಗೆ ತೆಳ್ಳನೆಯ ಜಪಾನಿ ಕಾಗದವನ್ನು ಗೋಧಿ ಗಂಜಿಯಿಂದ ಅಂಟಿಸುತ್ತಾರೆ. ನೀರು ಸೋಕಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಮಾಡಿದ ಕೆಲಸವನ್ನೆಲ್ಲ ಬರೆದಿಡುತ್ತಾರೆ. ಇಂಥ ಕೆಲಸಕ್ಕೆ ಸಿಜಿಸಿ ಮುಂದೆ ಪ್ರತ್ಯೇಕ ಬೂದು ಚೀಟಿಯನ್ನೇ ತಂದಿತು. ಇದು ನ್ಯಾಯವೆಂದು ನಾನು ಭಾವಿಸುತ್ತೇನೆ. ಕಾಪಾಡಿದವನನ್ನೂ ವಂಚಿಸಿದವನನ್ನೂ ಒಂದೇ ಬಣ್ಣದಡಿ ನಿಲ್ಲಿಸಬಾರದು.

ಮೊಹರು ಮಾಡಿದ ಪೆಟ್ಟಿಗೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲವೆಂದು 2024ರ ಆರಂಭದಲ್ಲಿ ತಿಳಿಯಿತು. ಹೆಚ್ಚು ಅಂಕದ ಪುಸ್ತಕ ತೆಗೆದು ಕಡಿಮೆ ದರ್ಜೆಯದನ್ನು ಅದೇ ಪೆಟ್ಟಿಗೆಯಲ್ಲಿ ಸೇರಿಸಿದ ಪ್ರಕರಣಗಳ ಬಗ್ಗೆ ಸಿಜಿಸಿಯೇ ಎಚ್ಚರಿಸಿ, ಮುನ್ನೂರಕ್ಕೂ ಹೆಚ್ಚು ಅನುಮಾನಾಸ್ಪದ ಪ್ರತಿಗಳ ಕ್ರಮಸಂಖ್ಯೆಗಳನ್ನು ಪ್ರಕಟಿಸಿತು.

ಯಾವ ದುರಸ್ತಿಯೂ ಇಲ್ಲದೆ ಚೆನ್ನಾಗಿ ಉಳಿದ ಉದಾಹರಣೆಯೂ ಇದೆ. ಕೊಲೊರಾಡೊದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಲಾವಿದರ ಮನೆಯಲ್ಲಿದ್ದ ಸಾವಿರಾರು ಕಾಮಿಕ್ಸ್‌ಗಳನ್ನು 1977ರಲ್ಲಿ ಚಕ್ ರೊಜಾನ್‌ಸ್ಕಿ ಎಂಬ ವ್ಯಾಪಾರಿ ಕೊಂಡರು. ನಲವತ್ತು ವರ್ಷ ಹಳೆಯ ಪುಸ್ತಕಗಳು ನಿನ್ನೆ ಅಂಗಡಿಯಿಂದ ತಂದಂತಿದ್ದವು. ಅಲ್ಲಿನ ಹವೆ ಒಣ, ತಂಪು. ಪುಸ್ತಕಗಳು ಕತ್ತಲಲ್ಲಿ ಒಂದರ ಮೇಲೊಂದು ಒತ್ತಾಗಿ ಇದ್ದುದರಿಂದ ಗಾಳಿಯೂ ಹೆಚ್ಚು ಸೋಕಲಿಲ್ಲ.

ನಮ್ಮ ಕರಾವಳಿಗೆ ಅಂಥ ಹವೆ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಇಲ್ಲಿ ಬೀರುವಿನೊಳಗೂ ಬೂಷ್ಟು. ಹಾಗಾಗಿ ಗ್ರಂಥಾಲಯ ಸಮಿತಿಯವರಿಗೆ ಒಂದೆರಡು ವಿನಂತಿ. ಹಳೆಯ ಪತ್ರಿಕೆಗಳ ಸಂಪುಟಗಳನ್ನು ಬೈಂಡಿಂಗ್‌ಗೆ ಕೊಡುವಾಗ ಮೂರು ಕಡೆ ಕಟಿಂಗ್ ಮಾಡಬೇಡಿ ಎಂದು ಬೈಂಡರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಅಂದ ಕಾಣಲೆಂದು ಕತ್ತರಿಸಿಯೇ ಕೊಡುತ್ತಾರೆ, ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿಯೂ ಅದರೊಂದಿಗೆ ಹೋಗುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡ. ಕೆಲವು ವರ್ಷಗಳಲ್ಲಿ ಟೇಪು ಉದುರಿ ಕಂದು ಕಲೆ ಉಳಿಯುತ್ತದೆ. ತುಕ್ಕು ಹಿಡಿದ ಪಿನ್ನನ್ನು ನಿಧಾನವಾಗಿ ತೆಗೆದು ದಾರದಿಂದ ಹೊಲಿಸಿ. ವಿದ್ಯಾರ್ಥಿಗಳು ತಮ್ಮ ಅಜ್ಜನ ಕಾಲದ ಪತ್ರಗಳನ್ನು, ಹಳೆಯ ಅಂಕಪಟ್ಟಿಗಳನ್ನು ಲ್ಯಾಮಿನೇಷನ್ ಮಾಡಿಸುವ ಮೊದಲು ಒಮ್ಮೆ ಯೋಚಿಸಿ, ಬಿಸಿಯಲ್ಲಿ ಅಂಟಿದ ಆ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಯಾವ ಪುಸ್ತಕಕ್ಕೆ ಯಾವ ವರ್ಷ ಏನು ರಿಪೇರಿ ಮಾಡಿಸಿದೆವು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಸಮಿತಿಯವರು ಈ ವರ್ಷವೇ ಒಂದು ಕಾಲಂ ಸೇರಿಸಬಹುದು.

ಪ್ರಶ್ನೆಗಳಿದ್ದರೆ ಊಟದ ನಂತರ ಕೇಳಬಹುದು.